ಸೋರುವ ಮಾಳಿಗೆಯ ಕೆಳಗೆ

ಮಳೆಗಾಲ ಹತ್ತಿರ ಬಂತೆಂದರೆ ಸವಣೂರು, ಶಿಗ್ಗಾವಿ ಸೀಮೆಯ ಹಳೆಯ ಮನೆಗಳಲ್ಲಿ ಒಂದು ಕೆಲಸ ತಪ್ಪುತ್ತಿರಲಿಲ್ಲ. ತೊಲೆ, ಜಂತೆಗಳ ಮೇಲೆ ಕಟ್ಟಿಗೆ ಹಾಸಿ, ಅದರ ಮೇಲೆ ಮಣ್ಣು ಬಡಿದು ಮಾಡಿದ ಮಾಳಿಗೆಗಳವು. ಬೇಸಿಗೆಯಲ್ಲಿ ಹಿತವಾದ ತಂಪು. ಮಳೆಯಲ್ಲಿ ಮಾತ್ರ ಒಂದು ಸಣ್ಣ ಬಿರುಕು ಸಾಕು, ಹನಿ ಒಳಗಿಳಿಯುತ್ತದೆ. ಆದ್ದರಿಂದ ಮೊದಲ ಮಳೆಗೆ ಮುಂಚೆಯೇ ಯಾರಾದರೂ ಮೇಲೆ ಹತ್ತಿ ಮಣ್ಣು ಹಾಕಬೇಕು. ಹತ್ತದಿದ್ದರೆ ಮನೆಯಾಕೆ ರಾತ್ರಿಯೆಲ್ಲ ಪಾತ್ರೆ ಪಡಗ ಹಿಡಿದು ಮೂಲೆಯಿಂದ ಮೂಲೆಗೆ ಓಡಾಡಬೇಕು. ಹೀಗೆ ಸೋರುವ ಮಾಳಿಗೆಯನ್ನು ಕಂಡು ಬೈದುಕೊಂಡವರಿಗೆ ಲೆಕ್ಕವಿಲ್ಲ. ಅದನ್ನೇ ಹಾಡಾಗಿಸಿದವರು ಶಿಶುನಾಳ ಶರೀಫರು.

ಶರೀಫರ ಆ ಹಾಡಿನಲ್ಲಿ ಸೋರುವುದು ಮನೆಯೂ ಹೌದು, ಮನಸ್ಸೂ ಹೌದು. ಅಜ್ಞಾನದಿಂದ ಬಿರುಕು ಬಿಟ್ಟದ್ದನ್ನು ಮೇಲೆ ಹತ್ತಿ ಸರಿಪಡಿಸುವವರು ಯಾರು ಎಂಬುದು ಅಲ್ಲಿನ ಕಳವಳ. ನಗರದ ಮಕ್ಕಳಿಗೆ ಈ ಹಾಡು ಸಿ. ಅಶ್ವತ್ಥರ ಕಂಠದಿಂದ, ಇಲ್ಲವೇ 1990ರಲ್ಲಿ ತೆರೆಕಂಡ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ಪರಿಚಯ. ಹಳ್ಳಿಯ ಭಜನೆ ಮೇಳದವರಿಗೆ ಮಾತ್ರ ಅದು ಅದಕ್ಕೂ ಬಹಳ ಮೊದಲಿನದು. ಪುಸ್ತಕದ ಹಂಗಿಲ್ಲದೆ ಬಾಯಿಂದ ಬಾಯಿಗೆ ಬಂದದ್ದು.

ಶರೀಫರು 1819ರಲ್ಲಿ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಹುಟ್ಟಿದರು. ತಂದೆ ಇಮಾಮ ಸಾಹೇಬ, ತಾಯಿ ಹಜ್ಜೂಮಾ. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸಂತ, ಅನುಭಾವಿ ಎಂದು ಆರಂಭಿಸುತ್ತಾರೆ. ಆದರೆ ವಿದ್ಯಾರ್ಥಿಗಳು ಮೊದಲು ತಿಳಿಯಬೇಕಾದದ್ದು ಬೇರೆ: ಅವರು ಮುಲ್ಕಿ ಪರೀಕ್ಷೆ ಪಾಸಾದ ಕನ್ನಡ ಶಾಲೆಯ ಮಾಸ್ತರರು. ಮದುವೆಯಾದರು, ಹೆಂಡತಿ ಫಾತಿಮಾರನ್ನು ಬೇಗನೆ ಕಳೆದುಕೊಂಡರು, ಬಡತನವನ್ನೂ ಕಂಡರು. ಗುಹೆಯಲ್ಲಿ ಕುಳಿತು ಕಣ್ಣು ಮುಚ್ಚಿದವರಲ್ಲ.

ಕಣ್ಣು ತೆರೆದು ನೋಡುವುದೇ ಅವರ ಸಾಧನೆಯಾಗಿತ್ತು ಎನ್ನಬೇಕು. ಅವರ ಪದಗಳಲ್ಲಿ ಬರುವ ಸಾಮಾನುಗಳನ್ನು ಪಟ್ಟಿ ಮಾಡಿದರೆ ಒಂದು ರೈತನ ಮನೆ, ಅದರ ಹಿತ್ತಲು, ಮುಂದಿನ ಬೀದಿ ಕಣ್ಣೆದುರು ನಿಲ್ಲುತ್ತವೆ. ಕೋಳಿ, ಬಿತ್ತುವ ಹೊಲ, ತಂಬೂರಿ, ಕೊಡ... ಯಂತ್ರದ ಗಿರಣಿ ಈ ನಾಡಿಗೆ ಹೊಸದಾಗಿ ಕಾಲಿಟ್ಟ ಕಾಲದಲ್ಲಿ ಅದರ ಮೇಲೂ ಪದ ಕಟ್ಟಿದರು. ಹಳೆಯದೇ ಪವಿತ್ರ, ಹೊಸದು ಕೆಟ್ಟದ್ದು ಎನ್ನುವ ಹಟ ಅವರಿಗಿರಲಿಲ್ಲ. ತಿರುಗುವ ಚಕ್ರವನ್ನು ಕಂಡರೆ ಅದರಲ್ಲೂ ದೇಹ, ಜೀವಗಳ ನಡೆ ಕಾಣುತ್ತಿತ್ತು.

ಈ ನೋಟ ಅವರಿಗೆ ಬಂದದ್ದು ಗುರುವಿನಿಂದ. ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು; ಸಾಬರ ಹುಡುಗನನ್ನು ಶಿಷ್ಯನೆಂದು ಒಪ್ಪಿಕೊಂಡು ಜೊತೆಗೆ ಕೂರಿಸಿಕೊಂಡರು. ಜನ ಸುಮ್ಮನಿದ್ದಾರೆಯೆ? ಎರಡೂ ಕಡೆಯವರ ಮಾತು ಕೇಳಬೇಕಾಯಿತು. ಗುರು ತನ್ನ ಜನಿವಾರವನ್ನೇ ಶಿಷ್ಯನಿಗೆ ಹಾಕಿದರೆಂಬ ಕಥೆ ಇಂದಿಗೂ ಆ ಭಾಗದಲ್ಲಿ ಪ್ರಸಿದ್ಧ. ಅದಾದ ಮೇಲೂ ಶರೀಫರು ಮೊಹರಮ್ಮಿನ ಅಲಾವಿ ಪದಗಳನ್ನು ಬಿಡಲಿಲ್ಲ, ಶಿಶುನಾಳಾಧೀಶನೆಂದು ಊರ ಬಸವಣ್ಣನ ಅಂಕಿತವನ್ನೂ ಬಿಡಲಿಲ್ಲ. ಒಬ್ಬ ಹಿರಿಯ ಒಬ್ಬ ಹುಡುಗನಿಗೆ ಮನೆಯ ಬಾಗಿಲು ತೆರೆದ, ಅಷ್ಟೇ. ಕರುಣೆ ಎಂಬ ದೊಡ್ಡ ಪದವನ್ನು ಗೋವಿಂದ ಭಟ್ಟರು ಬಳಸಿದರೋ ಇಲ್ಲವೋ, ಮಾಡಿದ್ದು ಅದನ್ನೇ.

ಇದೇ ತಾಲ್ಲೂಕಿನ ಬಾಡದಲ್ಲಿ, ಶರೀಫರಿಗೂ ಸುಮಾರು ಮುನ್ನೂರು ವರ್ಷ ಮೊದಲು, ಕನಕದಾಸರು ಹುಟ್ಟಿದ್ದರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಜಗಳವಾಡುವುದು ದೇವತೆಗಳಲ್ಲ, ರಾಗಿ ಮತ್ತು ಭತ್ತ. ತಾನೇ ದೊಡ್ಡವನೆಂದು ಭತ್ತ ಬೀಗುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ಬಡವರ ರಾಗಿ ಉಳಿಯುತ್ತದೆ, ರಾಮ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಶಾಲೆಯಲ್ಲಿ ಇದನ್ನು ಮಕ್ಕಳಿಗೆ ತಮಾಷೆಯ ಕಥೆಯಾಗಿ ಹೇಳುವುದುಂಟು. ತಟ್ಟೆಯಲ್ಲಿ ಯಾವ ಧಾನ್ಯವಿದೆ ಎಂಬುದರ ಮೇಲೆ ಮನುಷ್ಯನನ್ನು ಅಳೆಯುತ್ತಿದ್ದ ಸಮಾಜಕ್ಕೆ ಅದು ತಮಾಷೆಯಾಗಿರಲಿಲ್ಲ.

ಇಂಥ ಇಬ್ಬರು ಬಾಳಿದ ಮಣ್ಣು ಎಂದು ಹೆಮ್ಮೆ ಪಡುವುದು ಸುಲಭ. ಹಾಗೆಂದು ಇದೇ ಸೀಮೆಯ ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. 2010ರ ಜುಲೈ 20ರಂದು ಸವಣೂರಿನ ಪುರಸಭೆ ಕಚೇರಿಯ ಮುಂದೆ ಭಂಗಿ ಸಮುದಾಯದ ಕೆಲವರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಒಣ ಪಾಯಿಖಾನೆಗಳನ್ನು ಬಳಿದು ಹೊತ್ತ ಕುಟುಂಬಗಳವು. ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಲು ಹೊರಟಿದ್ದಾರೆ ಎಂಬುದು ಅವರ ಅಳಲು. ಅರ್ಜಿಗಳಿಂದ ಆಗದ್ದು ಆ ಒಂದು ದಿನದಿಂದ ಆಯಿತು. ಸುದ್ದಿ ನಾಡೆಲ್ಲ ಹಬ್ಬಿತು, ದೊಡ್ಡವರು ಊರಿಗೆ ಬಂದರು, ಮನೆ ಮತ್ತು ಉದ್ಯೋಗದ ಭರವಸೆ ಸಿಕ್ಕಿತು.

ಗಮನಿಸಬೇಕಾದ ಮಾತೆಂದರೆ, ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ ದೇಶದಲ್ಲಿ 1993ರಲ್ಲೇ ಬಂದಿತ್ತು. ಹದಿನೇಳು ವರ್ಷ ಆ ಕಾಯ್ದೆ ಪುಸ್ತಕದಲ್ಲಿತ್ತು, ಬಕೆಟ್ಟು ತಲೆಯ ಮೇಲಿತ್ತು. ಊರಿನಲ್ಲಿ ಕೆಟ್ಟವರೇ ತುಂಬಿದ್ದರೆಂದಲ್ಲ. ಪೂಜೆ, ನಮಾಜು, ಉಪವಾಸ ಎಲ್ಲವೂ ನಡೆದೇ ಇತ್ತು. ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಬಂದು ಹೋಗುವ ಮನುಷ್ಯ ಮಾತ್ರ ಯಾರಿಗೂ ಕಂಡಿರಲಿಲ್ಲ. ಸೋರುವ ಮಾಳಿಗೆಯನ್ನು, ಗಿರಣಿಯ ಚಕ್ರವನ್ನು ಬಿಡದೆ ನೋಡಿದ ಮಾಸ್ತರರ ಹಾಡನ್ನು ಹಾಡುತ್ತಲೇ ಈ ಕುರುಡು ಸಾಧ್ಯವಾಯಿತು ಎಂಬುದೇ ಚುಚ್ಚುವ ವಿಷಯ.

2013ರಲ್ಲಿ ಇನ್ನೂ ಕಟ್ಟುನಿಟ್ಟಿನ ಕಾಯ್ದೆ ಬಂತು. ಒಳಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಯಿತೆಂದರೆ ಗುಂಡಿಗಿಳಿಯುವುದು ನಿಂತಿಲ್ಲವೆಂದೇ ಅರ್ಥ.

ಮಕ್ಕಳು ಕೆಲವೊಮ್ಮೆ ಈ ಪ್ರಶ್ನೆ ಕೇಳುತ್ತಾರೆ: ನಮ್ಮ ಶಾಲೆಯ ಪಾಯಿಖಾನೆಯನ್ನು ಯಾರು ತೊಳೆಯುತ್ತಾರೆ, ಅವರ ಮಗಳು ಯಾವ ಶಾಲೆಗೆ ಹೋಗುತ್ತಾಳೆ? ‘ಅದೆಲ್ಲ ನಿನಗ್ಯಾಕೆ, ಪರೀಕ್ಷೆ ಹತ್ತಿರ ಬಂತು, ಓದಿಕೋ’ ಎಂಬ ಉತ್ತರ ಅನೇಕ ಮನೆಗಳಲ್ಲಿ ಸಿದ್ಧವಾಗಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಅದೇ ಮನೆಯವರು ಮಗುವಿನ ಪೆನ್ನನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಾರೆ. ಹಚ್ಚಲಿ, ತಪ್ಪೇನಿಲ್ಲ, ಆ ಪ್ರಶ್ನೆಗೂ ಎರಡು ನಿಮಿಷ ಕೊಡಬಹುದಿತ್ತು.

ಶಿಶುನಾಳದಲ್ಲಿ ಶರೀಫರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. 1889ರಲ್ಲಿ ಅವರು ತೀರಿಕೊಂಡಾಗ ಎರಡೂ ಪದ್ಧತಿಯಲ್ಲಿ ಸಂಸ್ಕಾರ ನಡೆಯಿತೆಂದು ಹೇಳುತ್ತಾರೆ. ಅಲ್ಲಿಂದ ಕನಕರ ಬಾಡ, ಬಳಿಕ ಸವಣೂರಿನ ದೊಡ್ಡಹುಣಸೆ ಮಠದ ಮೂರು ದೈತ್ಯ ಮರಗಳು: ಒಂದು ದಿನದ ಶಾಲಾ ಪ್ರವಾಸಕ್ಕೆ ಇಷ್ಟು ಸಾಕು. ಆ ಮರಗಳ ಬೊಡ್ಡೆಯನ್ನು ಮಕ್ಕಳು ಕೈಕೈ ಹಿಡಿದು ತಬ್ಬಿ ಅಳೆದ ಮೇಲೆ ಪುರಸಭೆ ಕಚೇರಿಯ ಮುಂದೆಯೂ ಬಸ್ಸನ್ನು ಐದು ನಿಮಿಷ ನಿಲ್ಲಿಸಬಹುದು. ಅದೂ ಇದೇ ಊರಿನಲ್ಲಿದೆ.