ಹಿರಿಯರ ಊಟ, ಹಿರಿಯರ ದುಡಿಮೆ

ಹಳೆಯ ಮೈಸೂರು ಸೀಮೆಯ ರೈತ ಕುಟುಂಬಗಳ ಮುಖ್ಯ ಆಹಾರ ರಾಗಿಮುದ್ದೆ ಮತ್ತು ಸೊಪ್ಪಿನ ಸಾರು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಮತ್ತು ಕಾಳುಪಲ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂನಷ್ಟು ಮಾತ್ರ. ಆದರೆ ಆ ಊಟದೊಡನೆ ಉಳುವುದು, ಕಳೆ ಕೀಳುವುದು, ನೀರು ಸೇದುವುದು ಮುಂತಾದ ಶ್ರಮವೂ ಇತ್ತೆಂಬುದನ್ನು ಮರೆಯಲಾಗದು. ಮುಂಬಯಿ, ದೆಹಲಿಯಂತಹ ನಗರಗಳಲ್ಲಿ ಕುಳಿತು ಕೆಲಸ ಮಾಡುವವರು ಶ್ರಮವನ್ನು ತೊರೆದು, ಊಟವನ್ನು ಮಾತ್ರ ಹಿಂದಿನ ಪ್ರಮಾಣದಲ್ಲೇ ಉಳಿಸಿಕೊಂಡರೆ ಬೊಜ್ಜು ಬೆಳೆಯುವುದು ಸಹಜ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಅಥವಾ 75 ನಿಮಿಷಗಳ ತೀವ್ರ ವ್ಯಾಯಾಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಏದುಸಿರಿನಿಂದಾಗಿ ನಾಲ್ಕಾರು ಮಾತುಗಳಿಗಿಂತ ಹೆಚ್ಚು ಆಡಲಾಗದಂತಾದರೆ ಅದು ತೀವ್ರ ವ್ಯಾಯಾಮ. ಬಿಡುವು ಕಡಿಮೆಯಿರುವವರಿಗೆ ಓಟ, ವೇಗವಾಗಿ ಮೆಟ್ಟಿಲು ಹತ್ತುವುದು ಅನುಕೂಲಕರ. ವಾರಕ್ಕೆ ಎರಡು ದಿನವಾದರೂ ದಂಡ, ಬೈಠಕ್‌ಗಳಂತಹ ಕಸರತ್ತಿನಿಂದ ಸ್ನಾಯುಗಳನ್ನು ಬಲಪಡಿಸುವುದು ಹಿತಕರ. ಅಭ್ಯಾಸವಿಲ್ಲದವರು ನಡಿಗೆಯಿಂದ ಆರಂಭಿಸಿ ಕ್ರಮೇಣ ವೇಗವನ್ನು ಹೆಚ್ಚಿಸಬೇಕು. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಉಳ್ಳವರು ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು. ಎದೆನೋವು, ತಲೆಸುತ್ತು ಕಂಡುಬಂದಲ್ಲಿ ವ್ಯಾಯಾಮವನ್ನು ಕೂಡಲೇ ನಿಲ್ಲಿಸಿ, ವೈದ್ಯರನ್ನು ಕಾಣತಕ್ಕದ್ದು.