ನಾಬ್ ತಿರುಗುತ್ತೆ, ದನಿ ಬದಲಾಗೋಲ್ಲ!

ಗಣಪತಿ ಪೆಂಡಾಲು ಎದ್ದಿತೆಂದರೆ ಆರ್ಕೆಸ್ಟ್ರಾ ಹುಡುಗರಿಗೆ ಸುಗ್ಗಿ. ರಾಜ್ಯೋತ್ಸವ ಮುಗಿಯುವವರೆಗೂ ಪುರುಸೊತ್ತಿಲ್ಲ. ಈ ಸುಗ್ಗಿಗೆ ಮೊದಲು ಹಳೇ ವಾದ್ಯಗಳು ಕೈ ಬದಲಾಯಿಸುವ ಇನ್ನೊಂದು ವ್ಯಾಪಾರ ನಡೆಯುತ್ತದೆ. ಅದರಲ್ಲಿ ಹೆಚ್ಚು ಚೌಕಾಸಿ ನಡೆಯುವ ಮಾಲು ಬೇಸ್ ಗಿಟಾರ್. ಹೊಸದು ಕೊಳ್ಳುವ ತಾಕತ್ತು ಎಲ್ಲರಿಗೂ ಎಲ್ಲಿಂದ ಬರಬೇಕು ಸ್ವಾಮಿ? ಸೆಕೆಂಡ್ ಹ್ಯಾಂಡೇ ಗತಿ!

ನಾಲ್ಕು ದಪ್ಪ ತಂತಿ, ಎದೆಗೆ ತಾಕುವ ಧುಂ ಧುಂ ನಾದ. ಮೈಮೇಲೆ ಎರಡೋ ಮೂರೋ ನಾಬ್. ಒಂದು ವಾಲ್ಯೂಮ್, ಇನ್ನೊಂದು ಟೋನ್. ಹಳೇ ಗಿಟಾರಿನಲ್ಲಿ ಮೊದಲು ಕೈಕೊಡುವುದು ಈ ಟೋನ್ ನಾಬೇ. ಒಂದೋ ಕರಕರ ಅನ್ನುತ್ತೆ, ಇಲ್ಲವೇ ಎಷ್ಟು ತಿರುಗಿಸಿದರೂ ಜಪ್ಪಯ್ಯ ಅನ್ನೋದಿಲ್ಲ. "ಒಳಗಿನ ಮಷೀನೇ ಹೋಗಿದೆ ಕಣಣ್ಣ" ಎಂದು ಕೊಳ್ಳುವವನು ಬೆಲೆ ಇಳಿಸುತ್ತಾನೆ. ಮಾರುವವನು ಹೆದರಿ ಸಿಕ್ಕಷ್ಟಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಸಾವಿರಾರು ರೂಪಾಯಿ ನಷ್ಟ! ಕೆಟ್ಟಿರುವ ಬಿಡಿಭಾಗಕ್ಕಾದರೋ ಒಂದು ಹೊತ್ತಿನ ಊಟದ ದುಡ್ಡು ಸಾಕು.

ರೇಡಿಯೋದವರ ಕೂಸು

ಇದನ್ನು ಯಾರ ಹತ್ತಿರ ತೋರಿಸಬೇಕು? ಬೆಂಗಳೂರಿನ ದೊಡ್ಡ ಮ್ಯೂಸಿಕ್ ಅಂಗಡಿಗೇ ಹೋಗಬೇಕೆಂದಿಲ್ಲ. ನಿಮ್ಮೂರಿನಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವರಿದ್ದರೆ ಅವರೇ ಸಾಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದು ಹೆಸರಾದ ಲಿಯೋ ಫೆಂಡರ್ ಮಹಾಶಯ ಮೂಲತಃ ರೇಡಿಯೋ ರಿಪೇರಿ ಅಂಗಡಿಯವನು. ಗಿಟಾರ್ ನುಡಿಸಲು ಆತ ಕಲಿಯಲೇ ಇಲ್ಲ! ರೇಡಿಯೋದಲ್ಲಿದ್ದ ಟೋನ್ ಕಂಟ್ರೋಲೇ ಗಿಟಾರಿನ ಹೊಟ್ಟೆಯೊಳಗೂ ಕೂತಿದೆ.

ಅಲ್ಲಿರುವುದು ಎರಡೇ ಸಾಮಾನು: ಮೂರು ಕಾಲಿನ ಒಂದು ಪಾಟ್, ಒಂದು ಕಂಡೆನ್ಸರ್. ತಂತಿಯ ಕೆಳಗಿನ ಪಿಕಪ್ಪಿನಿಂದ ಬರುವ ಸಣ್ಣ ವಿದ್ಯುತ್ತಿನಲ್ಲಿ ಚುರುಕು ದನಿ, ದಪ್ಪ ದನಿ ಎರಡೂ ಬೆರೆತಿರುತ್ತವೆ. ಕಂಡೆನ್ಸರ್ ಚುರುಕು ದನಿಗೆ ಮಾತ್ರ ದಾರಿ ಬಿಟ್ಟು ಅದನ್ನು ಗ್ರೌಂಡಿಗೆ ಇಳಿಸಿಬಿಡುತ್ತದೆ. ಎಷ್ಟು ಇಳಿಸಬೇಕೆಂದು ಹೇಳುವುದು ಪಾಟ್. ನಾಬ್ ಪೂರ್ತಿ ಇಳಿಸಿದಾಗ ಗುಂಯ್ ಎನ್ನುವ ದಪ್ಪ ದನಿ ಮಾತ್ರ ಉಳಿಯುವುದು ಇದರಿಂದಲೇ.

ಕಾಯಿಲೆ ಯಾವುದು?

ಕರಕರ ಸದ್ದು ಬಂದರೆ ಪಾಟಿನ ಒಳಗೆ ಧೂಳು ಕೂತಿದೆ ಎಂದರ್ಥ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಮೂವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ. ಧೂಳು ಇನ್ನಷ್ಟು ಅಂಟಿಕೊಳ್ಳುತ್ತದೆ.

ನಾಬ್ ತಿರುಗಿದರೂ ದನಿ ಬದಲಾಗದಿದ್ದರೆ ಮೊದಲು ನಾಬಿನ ಪಕ್ಕದ ಸಣ್ಣ ಸ್ಕ್ರೂ ನೋಡಿ. ಸಡಿಲವಾಗಿದ್ದರೆ ಬಿಗಿ ಮಾಡಿ, ಕೆಲಸ ಮುಗೀತು. ನಟ್ ಸಡಿಲವಾಗಿ ಪಾಟೇ ಸುತ್ತುತ್ತಿದ್ದರೆ ಒಳಗಿನ ವೈರು ತಿರುಚಿ ಕಿತ್ತುಹೋಗಿರುತ್ತದೆ, ಇಲ್ಲವೇ ಕಂಡೆನ್ಸರಿನ ಕಾಲು ಬೆಸುಗೆ ಬಿಟ್ಟಿರುತ್ತದೆ. ಟೋನ್ ಇಳಿಸಿದಾಗ ದನಿಯೇ ಸತ್ತುಹೋದರೆ ಕಂಡೆನ್ಸರ್ ಶಾರ್ಟ್ ಆಗಿದೆಯೆಂದು ಅನುಮಾನಿಸಬಹುದು.

ಇನ್ನೊಂದು ಮಾತು. ಗಿಟಾರಿನ ಬೆನ್ನಿನಲ್ಲಿ 9 ವೋಲ್ಟಿನ ಬ್ಯಾಟರಿ ಇದ್ದರೆ ಅದರ ಜಾತಿಯೇ ಬೇರೆ. ಮೊದಲು ಹೊಸ ಬ್ಯಾಟರಿ ಹಾಕಿ ನೋಡಿ. ಕೆಳಗೆ ಹೇಳಿರುವ ಪಾಟಿನ ಲೆಕ್ಕ ಅದಕ್ಕೆ ಹೊಂದೋದಿಲ್ಲ.

ಸಾಮಾನು ತರುವಾಗ

ಹಳೇ ಪಾಟನ್ನು ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ದಂಡದ ಗಾತ್ರ, ತೂತಿನ ಅಳತೆ ಒಂದೊಂದು ಗಿಟಾರಿಗೆ ಒಂದೊಂದು ಥರ. ಸಾಮಾನ್ಯವಾಗಿ ಇರುವುದು 250 ಕೆ ಅಥವಾ 500 ಕೆ. ಅವು ಸಿಗದಿದ್ದರೆ 220 ಕೆ, 470 ಕೆ ಕೂಡ ನಡೆಯುತ್ತದೆ. "ಲಾಗ್ ಕೊಡಿ" ಎಂದು ಕೇಳಿ. ಲೀನಿಯರ್ ಹಾಕಿದರೆ ನಾಬಿನ ಕೊನೇ ತುದಿಯಲ್ಲಷ್ಟೇ ದನಿ ತಟಕ್ಕನೆ ಬದಲಾಗುತ್ತದೆ. ಕಂಡೆನ್ಸರಿನ ಮೇಲೆ ಬಹಳ ಸಲ 473 ಎಂದಿರುತ್ತದೆ, ಅಂದರೆ 0.047 ಮೈಕ್ರೋಫ್ಯಾರಡ್. ಹಳೆಯದರ ಮೇಲೆ ಬೇರೆ ಸಂಖ್ಯೆ ಇದ್ದರೆ ಅದನ್ನೇ ತನ್ನಿ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಲಿ ಹೇಳಿ ಕಳಿಸಿ.

ಬೆಸುಗೆ ಬಿಚ್ಚುವ ಮುನ್ನ ಯಾವ ವೈರು ಎಲ್ಲಿತ್ತೆಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಐರನ್ನನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಹೊಸ ಪಾಟೂ ಸುಟ್ಟುಹೋದೀತು.

ಪ್ರಾಣದ ಪ್ರಶ್ನೆ

ತಂತಿಗಳಿಂದ ಗ್ರೌಂಡಿಗೆ ಹೋಗುವ ಒಂದು ವೈರು ಬಹುಪಾಲು ಗಿಟಾರುಗಳಲ್ಲಿರುತ್ತದೆ. ರಿಪೇರಿಯಾದ ಮೇಲೆ ಅದನ್ನು ಮತ್ತೆ ಬೆಸೆಯಲು ಮರೆತರೆ ಗುಂಯ್ ಎಂಬ ಗೊರಕೆ ಶುರು. ಆ ಗೊರಕೆ ನಿಲ್ಲಿಸಲೆಂದು ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕತ್ತರಿಸುವ ಮಹಾನುಭಾವರಿದ್ದಾರೆ. ಬೇಡ್ರಪ್ಪಾ, ಬೇಡ! ಪೆಂಡಾಲಿನ ತಾತ್ಕಾಲಿಕ ವೈರಿಂಗು, ಕಾಲಡಿ ಮಳೆಯ ತೇವ, ಒಂದು ಕೈ ತಂತಿ ಮೇಲೆ, ತುಟಿ ಮೈಕಿಗೆ. ಆಂಪ್ಲಿಫೈಯರಿನಲ್ಲಿ ಕರೆಂಟು ಸೋರಿದರೆ ಅದು ಹುಡುಗನ ಮೈ ಮೂಲಕವೇ ಹರಿಯುತ್ತದೆ. ದನಿಯ ದೋಷ ನಾಳೆ ಸರಿಯಾದೀತು, ಹೋದ ಜೀವ ಬರುತ್ತದೆಯೇ?

ಮಾರುವವರು ಮೊದಲು ಟೋನ್ ಸರಿಮಾಡಿಸಿ, ಆಮೇಲೆ ಬೆಲೆ ಹೇಳಲಿ. ಕೊಳ್ಳುವವರು ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಎರಡೂ ನಾಬ್ ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿಯೇ ದುಡ್ಡು ಎಣಿಸಲಿ. ರಿಪೇರಿ ಅಂಗಡಿಯವರಿಗೂ ಒಂದು ಕಿವಿಮಾತು: ಬೋರ್ಡಿನ ಮೇಲೆ "ಇಲ್ಲಿ ಗಿಟಾರೂ ರಿಪೇರಿ ಮಾಡಲಾಗುವುದು" ಎಂದು ಒಂದು ಸಾಲು ಬರೆಸಿ. ರೇಡಿಯೋ ಬಾರದ ದಿನವೂ ಗಿರಾಕಿ ಬಂದಾನು!