ಫೋಲಿಕ್ ಆ್ಯಸಿಡ್ ಮಾತ್ರೆ: ಹೊತ್ತು ಮತ್ತು ಅಳತೆ

ಫೋಲಿಕ್ ಆ್ಯಸಿಡ್ ಎಂಬುದು ಬಿ9 ವಿಟಮಿನ್ನಿನ ಕೃತಕ ರೂಪ. ಸೊಪ್ಪು, ಅಲಸಂದೆ, ಹೆಸರುಕಾಳು, ಕಡಲೆಗಳಲ್ಲಿ ಇದೇ ವಿಟಮಿನ್ ಫೋಲೇಟ್ ಎಂಬ ಸಹಜ ರೂಪದಲ್ಲಿರುತ್ತದೆ. ಹೊಸ ಜೀವಕೋಶ ಹುಟ್ಟಬೇಕಾದರೆ ಹಳೆಯ ಕೋಶದ ಡಿಎನ್‌ಎ ಪ್ರತಿಯಾಗಬೇಕು. ಫೋಲೇಟ್ ಇಲ್ಲದೆ ಆ ಕೆಲಸ ನಡೆಯದು. ಹಾಗಾಗಿ ಕೊರತೆಯ ಪೆಟ್ಟು ಮೊದಲು ಬೀಳುವುದು ಕೋಶಗಳು ಬೇಗಬೇಗ ಹುಟ್ಟುವ ಮೂಳೆಮಜ್ಜೆಗೆ ಮತ್ತು ಭ್ರೂಣಕ್ಕೆ.

ಇದರ ಮೊದಲ ಸುಳಿವು ಸಿಕ್ಕಿದ್ದು ಮುಂಬಯಿಯಲ್ಲಿ. ಅಲ್ಲಿನ ಬಟ್ಟೆ ಗಿರಣಿಗಳ ಬಸುರಿ ಕಾರ್ಮಿಕರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುತ್ತದೆ ಎಂದು ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿ ಕೆಲಸ ಮಾಡಿದ್ದು ಫೋಲೇಟ್ ಎಂಬುದು ಆಮೇಲೆ ತಿಳಿಯಿತು.

ಗರ್ಭಿಣಿಯ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ಮಗುವಿನ ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನರಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ಎಷ್ಟೋ ಮಂದಿಗೆ ತಾವು ಬಸುರಿ ಎಂಬುದೇ ಖಚಿತವಾಗಿರುವುದಿಲ್ಲ. ಕೊಳವೆ ಕೆಳಭಾಗದಲ್ಲಿ ಮುಚ್ಚದೆ ಉಳಿದರೆ ಬೆನ್ನುಹುರಿ ತೆರೆದುಕೊಂಡ ಮಗು ಹುಟ್ಟಬಹುದು. ಮೇಲ್ಭಾಗದಲ್ಲಿ ಉಳಿದರೆ ಮಿದುಳೇ ಬೆಳೆಯದು. ಬಸುರಿ ಎಂದು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿದ ಮೇಲೆ ಮಾತ್ರೆ ಶುರು ಮಾಡಿದರೆ ಈ ತೊಂದರೆಯನ್ನು ತಡೆಯಲು ಬಹುತೇಕ ತಡವಾಗಿರುತ್ತದೆ. ಮಗು ಬೇಕೆಂದುಕೊಂಡಾಗಲೇ, ಕನಿಷ್ಠ ಒಂದು ತಿಂಗಳು ಮೊದಲೇ, ದಿನಕ್ಕೆ 400 ಮೈಕ್ರೋಗ್ರಾಂ ಆರಂಭಿಸಿ ಮೊದಲ ಮೂರು ತಿಂಗಳು ಮುಂದುವರಿಸಬೇಕು. ಆನಂತರ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಸೇರಿಯೇ ಇರುತ್ತದೆ.

ಅಳತೆಯ ಗೊಂದಲ ಹುಟ್ಟುವುದು ಮೈಕ್ರೋಗ್ರಾಂ, ಮಿಲಿಗ್ರಾಂಗಳ ನಡುವೆ. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವುದು 5 ಮಿಲಿಗ್ರಾಂ ಮಾತ್ರೆ. ಅದು 400 ಮೈಕ್ರೋಗ್ರಾಮಿನ ಹನ್ನೆರಡೂವರೆ ಪಟ್ಟು. ಈ ದೊಡ್ಡ ಡೋಸು ಎಲ್ಲರಿಗೂ ಅಲ್ಲ. ಹಿಂದಿನ ಮಗುವಿಗೆ ನರಕೊಳವೆಯ ದೋಷವಿದ್ದರೆ, ತಾಯಿಗೆ ಮಧುಮೇಹವಿದ್ದರೆ, ಮೂರ್ಛೆರೋಗದ ಕೆಲವು ಔಷಧಿ ನಡೆಯುತ್ತಿದ್ದರೆ ವೈದ್ಯರು ಅದನ್ನು ಬರೆಯುತ್ತಾರೆ. ಇಂಥ ದೋಷವಿದ್ದ ಮಗುವನ್ನು ಹೆತ್ತ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಅದು ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಉಳಿದ ವಯಸ್ಕರಿಗೆ, ವೈದ್ಯರ ಸಲಹೆಯಿಲ್ಲದೆ, ಮಾತ್ರೆಯ ರೂಪದಲ್ಲಿ ದಿನಕ್ಕೆ 1,000 ಮೈಕ್ರೋಗ್ರಾಂ ಮೀರಬಾರದು. ಸೊಪ್ಪು, ಕಾಳುಗಳಿಗೆ ಈ ಮಿತಿ ಅನ್ವಯಿಸದು. ಎಷ್ಟು ಉಂಡರೂ ಭಯವಿಲ್ಲ. ಫೋಲೇಟ್ ನೀರಿನಲ್ಲಿ ಕರಗುವುದರಿಂದ ಬೇಯಿಸಿದ ನೀರನ್ನು ಚೆಲ್ಲಿದರೆ ಅದೂ ಹೋಗುತ್ತದೆ. ಸೊಪ್ಪು, ಕಾಳು ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡುವ ಪದ್ಧತಿ ಈ ದೃಷ್ಟಿಯಿಂದ ಬಹಳ ಒಳ್ಳೆಯದು.

ಮಿತಿ ಹಾಕಿರುವುದರ ಹಿಂದಿರುವುದು ಬಿ12. ಈ ವಿಟಮಿನ್ ಕಡಿಮೆಯಾದಾಗಲೂ ಫೋಲೇಟ್ ಕೊರತೆಯಲ್ಲಿ ಬರುವ ಬಗೆಯದೇ, ದೊಡ್ಡ ರಕ್ತಕಣಗಳ ರಕ್ತಹೀನತೆ ಬರುತ್ತದೆ. ಆಗ ಫೋಲಿಕ್ ಆ್ಯಸಿಡ್ ಹೆಚ್ಚು ನುಂಗಿದರೆ ರಕ್ತ ಸುಧಾರಿಸಿ, ರೋಗ ವಾಸಿಯಾದಂತೆ ಕಾಣುತ್ತದೆ. ಆದರೆ ನರಗಳ ಹಾನಿ ನಿಲ್ಲುವುದಿಲ್ಲ: ಅಂಗಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ತಡವಾದರೆ ಆ ಹಾನಿ ಕಾಯಂ ಆಗಬಹುದು. ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರು ಬಿಟ್ಟರೆ ಇಲ್ಲವೆನ್ನುವಷ್ಟು ಕಡಿಮೆ. ಸಸ್ಯಾಹಾರಿಗಳು, ವಯಸ್ಸಾದವರು, ಬಹುಕಾಲದಿಂದ ಮಧುಮೇಹದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ದೊಡ್ಡ ಡೋಸು ಶುರು ಮಾಡುವ ಮೊದಲು ಬಿ12 ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಬೇರೆ ಔಷಧಿಗಳೊಂದಿಗೂ ಎಚ್ಚರ ಬೇಕು. ಫೋಲಿಕ್ ಆ್ಯಸಿಡ್ ಮೂರ್ಛೆರೋಗದ ಫೆನಿಟಾಯಿನ್ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸಬಲ್ಲದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಫೋಲೇಟಿನ ಕೆಲಸವನ್ನೇ ತಡೆಯುವ ಔಷಧಿ. ಅದನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ಅಡ್ಡಪರಿಣಾಮ ತಗ್ಗಿಸಲು ಸಾಮಾನ್ಯವಾಗಿ ಬೇರೆ ದಿನ ಫೋಲಿಕ್ ಆ್ಯಸಿಡ್ ಬರೆದಿರುತ್ತಾರೆ. ಎರಡೂ ಮಾತ್ರೆಗಳು ಹಳದಿಯಾಗಿ, ಚಿಕ್ಕದಾಗಿ ಇರುವುದುಂಟು. ಫೋಲಿಕ್ ಆ್ಯಸಿಡ್ ಎಂದುಕೊಂಡು ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಇವೆರಡನ್ನು ಒಂದೇ ಡಬ್ಬಿಯಲ್ಲಿ ಇಡಬಾರದು. ಮಾತ್ರೆ ಪಟ್ಟಿಯ ಮೇಲೆ ನುಂಗುವ ದಿನದ ಹೆಸರನ್ನು ಕನ್ನಡದಲ್ಲೇ ಬರೆದಿಡಬೇಕು.